ಹೊಸ್ತಿಲೊಳಗಿಂದ ಕಂಡ ಎಣ್ಣೆಬಾವಿ

ಹೋದ ವಾರ ಸೊರಬದ ನಮ್ಮ ಮನೆಯ ಬಾವಿ ಮೋಟಾರ್ ಸುಟ್ಟುಹೋಯಿತು. ಮೆಕ್ಯಾನಿಕ್ ಮೂರನೆಯ ದಿನ ಅದಕ್ಕೆ ಹೊಸ ವೈಂಡಿಂಗ್ ಮಾಡಿಸಿ ತಂದು ಜಗಲಿಯ ಮೇಲೆ ಇಳಿಸಿದ. ತಾಮ್ರದ ತಂತಿಗೆ ಬಳಿದ ವಾರ್ನಿಶ್ ಇನ್ನೂ ಪೂರ್ತಿ ಆರಿರಲಿಲ್ಲ. ಆ ವಾಸನೆ ಮೂಗಿಗೆ ಬಡಿದದ್ದೇ, ಕೈಯಲ್ಲಿದ್ದ ಕಾಫಿ ಲೋಟವನ್ನು ಅಲ್ಲೇ ಇಟ್ಟು ಕುಳಿತುಬಿಟ್ಟೆ. ಸೆಂಟಿಮೆಂಟ್ ಏನೂ ಅಲ್ಲ. ಸಿಟ್ಟು. ಹದಿನೈದು ವರ್ಷ ಹಳೆಯ ಸಿಟ್ಟು ಹೊಸ ವಾರ್ನಿಶ್‌ನಷ್ಟೇ ಖಾರವಾಗಿ ಉಳಿದಿದೆ ಎಂದು ನನಗೇ ಗೊತ್ತಿರಲಿಲ್ಲ.

ಆ ವರ್ಷದ ಮಳೆಗಾಲವನ್ನು ನಾನು ಶಿಕಾರಿಪುರದಲ್ಲಿ ಕಳೆದೆ. ನನ್ನ ಓರಗಿತ್ತಿ ಗಿರಿಜಕ್ಕ, ಅಂದರೆ ನಮ್ಮವರ ಅಣ್ಣನ ಹೆಂಡತಿ, ಬಚ್ಚಲಿನಲ್ಲಿ ಜಾರಿ ತೊಡೆಯ ಮೂಳೆ ಮುರಿದುಕೊಂಡಿದ್ದರು. ನೋಡಿಕೊಳ್ಳಲು ನಾನು ಸೊರಬದಿಂದ ಬ್ಯಾಗು ಹಿಡಿದು ಬಸ್ಸು ಹತ್ತಿದೆ. ಹದಿನೈದು ದಿನ ಎಂದುಕೊಂಡು ಹೋದವಳು ನಾಲ್ಕು ತಿಂಗಳು ಉಳಿದೆ.

ಭಾವ ರುದ್ರಪ್ಪನವರದು ಪಂಪ್‌ಸೆಟ್ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದೇ ಒಂದು ಹೊಸ್ತಿಲು. ಗಿರಿಜಕ್ಕನ ಮಂಚ ಹೊಸ್ತಿಲ ಒಳಗಿನ ಕೋಣೆಯಲ್ಲಿ. ಭಾನುವಾರ ಅಂಗಡಿಗೆ ರಜೆ. ಶಟರನ್ನು ಅರ್ಧ ಇಳಿಸಿ, ಪೈಪಿನ ಸುರುಳಿಗಳ ನಡುವೆ ಕುರ್ಚಿ ಹಾಕಿಕೊಂಡು ಭಾವ ತಮ್ಮ ದರ್ಬಾರು ನಡೆಸುತ್ತಿದ್ದರು. ಬರುವವರು ಇಬ್ಬರೇ. ಎದುರು ಬೀದಿಯಲ್ಲಿ ಮೋಟಾರ್ ವೈಂಡಿಂಗ್ ಮಾಡುವ ನಜೀರಣ್ಣ ಒಬ್ಬರು; ವಾರ್ನಿಶ್ ವಾಸನೆ ಅವರ ಬಟ್ಟೆಯಲ್ಲೇ ಇರುತ್ತಿತ್ತು. ಇನ್ನೊಬ್ಬ ಅಂಜನಾಪುರದ ನೀರುಗಂಟಿ ಹನುಮಂತಪ್ಪ. ಕಾಲುವೆಗೆ ನೀರು ಬಿಡುವುದು, ನಿಲ್ಲಿಸುವುದು ಅವನ ಕೆಲಸ. ನಡುವೆ ಒಂದು ಪೇಪರ್ ಹಾಸಿ ಮಂಡಕ್ಕಿ, ಮೆಣಸಿನಕಾಯಿ. ಅವರ ಮಾತಿನ ವಸ್ತು ಮಳೆ ಬೆಳೆ ಅಲ್ಲ, ರಾಜಕೀಯವಂತೂ ಅಲ್ಲವೇ ಅಲ್ಲ. ಬ್ರಹ್ಮಾಂಡ! ಸೂರ್ಯ ಯಾವಾಗ ಆರುತ್ತಾನೆ, ಬೆಳಕಿಗೆ ತೂಕವಿದೆಯೇ, ಬ್ಲ್ಯಾಕ್ ಹೋಲಿಗೆ ಬಿದ್ದವನಿಗೆ ಗಡಿಯಾರ ಎಷ್ಟು ತೋರಿಸುತ್ತದೆ. ಭಾವ ಓದಿದ್ದು ಏಳನೆಯ ಕ್ಲಾಸು. ಆದರೆ ಪೇಪರಿನಲ್ಲಿ ಬಂದ ವಿಜ್ಞಾನದ ಪುರವಣಿಗಳನ್ನು ವರ್ಷವಾರು ಕಟ್ಟಿ ಇಟ್ಟಿದ್ದರು.

ನಾನು ಮಂಗಳೂರಿನಲ್ಲಿ ನನ್‌ಗಳ ಕಾಲೇಜಿನಲ್ಲಿ ಓದಿದವಳು. ಬಿ.ಎಸ್ಸಿ. ಫಿಸಿಕ್ಸ್, ಫಸ್ಟ್ ಕ್ಲಾಸ್. "ಗರ್ಲ್ಸ್, ಫಸ್ಟ್ ದ ಡಯಾಗ್ರಾಮ್, ದೆನ್ ಯುವರ್ ಒಪಿನಿಯನ್" ಎನ್ನುತ್ತಿದ್ದರು ನಮ್ಮ ಸಿಸ್ಟರ್. ರಿಸಲ್ಟ್ ಬಂದ ತಿಂಗಳಲ್ಲೇ ಮದುವೆ. ಆಮೇಲೆ ಡಯಾಗ್ರಾಮೂ ಇಲ್ಲ, ಒಪಿನಿಯನ್ನೂ ಇಲ್ಲ.

ನಮ್ಮ ಮನೆತನದಲ್ಲಿ ಒಂದು ರೂಢಿ. ತಮ್ಮನ ಹೆಂಡತಿ ಭಾವನ ಎದುರು ಕೂರುವುದಿಲ್ಲ, ಅವರೊಂದಿಗೆ ನೇರ ಮಾತಾಡುವುದಿಲ್ಲ. ಹೇಳಲೇಬೇಕಾದದ್ದನ್ನು ನಡುವೆ ಯಾರಾದರೂ ಒಬ್ಬರಿಗೆ ಹೇಳುವುದು, ಅವರು ಭಾವನಿಗೆ ಮುಟ್ಟಿಸುವುದು. ಬೇರೆ ಮನೆಗಳಲ್ಲಿ ಇದೆಲ್ಲ ಯಾವಾಗಲೋ ಸಡಿಲಿಸಿತ್ತು. ನಮ್ಮಲ್ಲಿ ಸಡಿಲಿಸಲು ಯಾರಿಗೂ ಅವಸರವಿರಲಿಲ್ಲ. ಆಗ ನನಗೆ ಐವತ್ತೇಳು. ಆ ಮನೆಯ ಸೊಸೆಯಾಗಿ ಮೂವತ್ತಾರು ವರ್ಷ. ಭಾವ ನನಗೆ ನೇರವಾಗಿ ಒಂದು ವಾಕ್ಯವನ್ನೂ ಆಡಿರಲಿಲ್ಲ. ಕೆಟ್ಟವರಲ್ಲ, ದೇವರಾಣೆಗೂ ಅಲ್ಲ. ಸೊರಬಕ್ಕೆ ಬಂದಾಗಲೆಲ್ಲ ನನಗೆ ಇಷ್ಟವೆಂದು ಹಲಸಿನ ಹಪ್ಪಳ ತರುತ್ತಿದ್ದರು. ತಂದು ತಮ್ಮನ ಕೈಗೆ ಕೊಡುತ್ತಿದ್ದರು.

ಮೊದಲ ಭಾನುವಾರ ನಾನು ಗಿರಿಜಕ್ಕನ ಕಾಲಿಗೆ ಎಣ್ಣೆ ಹಚ್ಚುತ್ತಾ ಒಳಗಿದ್ದೆ. ಹೊರಗೆ ಭಾವನ ಗಂಟಲು ಏರಿತು.

"ಬ್ರಹ್ಮಾಂಡ ಹಿಗ್ಗಾಕ ಹತ್ತೈತಿ ಅಂತಾರ. ಎಲ್ಲಾ ಹಿಗ್ಗೋದಾದ್ರ ನನ್ನ ಅಂಗಡಿನೂ ಹಿಗ್ಗಬೇಕಲ್ಲ? ನಲವತ್ತು ವರ್ಷದಾಗ ಒಂದು ಇಂಚು ಹಿಗ್ಗಿಲ್ಲ. ಮುನ್ಸಿಪಾಲ್ಟಿಯೋರು ಬಂದು ಎರಡಡಿ ಕಡಿಮಿ ಮಾಡಿ ಹೋಗ್ಯಾರ."

"ಅದು ರಸ್ತೆ ಹಿಗ್ಗಿದ್ದು ರುದ್ರಣ್ಣ" ಎಂದರು ನಜೀರಣ್ಣ.

ನನಗೆ ತಡೆಯಲಾಗಲಿಲ್ಲ. ಎಣ್ಣೆ ಕೈಯಲ್ಲೇ ಹೊಸ್ತಿಲ ತನಕ ಬಂದು, ಬಾಗಿಲ ಪಟ್ಟಿಯ ಹಿಂದೆ ನಿಂತು, "ಹನುಮಂತಪ್ಪಾ" ಎಂದೆ. "ಸೈಕಲ್ ಟ್ಯೂಬಿನ ಮೇಲೆ ಸಾಸಿವೆ ಅಂಟಿಸಿ ಗಾಳಿ ಹೊಡೀರಿ ಅಂತ ಹೇಳು. ಸಾಸಿವೆ ಸಾಸಿವೆ ನಡುವಿನ ದೂರ ಹೆಚ್ಚಾಗುತ್ತೆ. ಸಾಸಿವೆ ಹಿಗ್ಗೋದಿಲ್ಲ. ಅಂಗಡಿ ಅನ್ನೋದು ಸಾಸಿವೆ."

ಭಾವ ಕುಳಿತಿದ್ದದ್ದು ನನ್ನಿಂದ ಐದಡಿ ದೂರದಲ್ಲಿ. ಕಿವಿ ಚುರುಕು. ಪ್ರತಿಯೊಂದು ಅಕ್ಷರ ಕೇಳಿಸಿದೆ. ಆದರೂ ಹನುಮಂತಪ್ಪನ ಕಡೆ ತಿರುಗಿ, "ಏನಂತಾಳ?" ಎಂದರು.

"ಸಾಸಿವಿ ಹಿಗ್ಗಂಗಿಲ್ಲಂತ್ರಿ ಸಾವ್ಕಾರ್ರ. ಟ್ಯೂಬಷ್ಟ ಹಿಗ್ಗತೈತಂತ."

ಭಾವ ಒಂದು ಗಳಿಗೆ ಕಣ್ಣು ಮುಚ್ಚಿದರು. ಆಮೇಲೆ ತೊಡೆ ತಟ್ಟಿ, "ಭಲೇ! ಹನುಮಂತಪ್ಪ, ತಲಿ ಐತಿ ನೋಡು ನಿನಗ!" ಎಂದರು.

ಒಳಗೆ ಬಂದರೆ ಗಿರಿಜಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ನನಗೆ ನಗು ಬರಲಿಲ್ಲ. ಆದರೆ ಮುಂದಿನ ಭಾನುವಾರ ಎಣ್ಣೆ ಹಚ್ಚುವ ಕೆಲಸವನ್ನು ಬೆಳಿಗ್ಗೆಯೇ ಮುಗಿಸಿ, ಹೊಸ್ತಿಲ ಬಳಿ ಅಕ್ಕಿ ಮೊರ ಇಟ್ಟುಕೊಂಡು ಕುಳಿತೆ. ಅಷ್ಟು ಅಕ್ಕಿಯನ್ನು ನಾನು ಜನ್ಮದಲ್ಲಿ ಆರಿಸಿರಲಿಲ್ಲ.

ಹೀಗೆ ನಡೆಯಿತು ಎರಡು ತಿಂಗಳು. ಹೊರಗೆ ಜಿಟಿಜಿಟಿ ಮಳೆ, ಅರ್ಧ ಶಟರಿನ ಕೆಳಗಿಂದ ಒಳಬರುವ ಮಣ್ಣುನೀರು, ಅದಕ್ಕೆ ಅಡ್ಡವಾಗಿ ಭಾವ ಒಡ್ಡುತ್ತಿದ್ದ ಗೋಣಿಚೀಲ. ನಜೀರಣ್ಣನ ಪ್ರಶ್ನೆಗಳು ಮಾತ್ರ ಫಸ್ಟ್ ಕ್ಲಾಸ್. "ಬೆಳಕಿಗೆ ತೂಕ ಇಲ್ಲ ಅಂದ್ರೆ ಬ್ಲ್ಯಾಕ್ ಹೋಲು ಅದನ್ನ ಏನು ಹಿಡ್ಕೊಂಡು ಎಳೀತೈತಿ ಅಕ್ಕಾ?" ಎಂದು ಅವರು ನನ್ನನ್ನೇ ಕೇಳುತ್ತಿದ್ದರು. ಅವರಿಗೆ ರೂಢಿ ಅಡ್ಡವಿರಲಿಲ್ಲ. ನಾನು ಉತ್ತರಿಸಿದರೆ ಭಾವ ಸೂರು ನೋಡುತ್ತಾ ಕಾಯುವರು. ಆಮೇಲೆ, "ಏನಂತಾಳ?" ಹನುಮಂತಪ್ಪ ನನ್ನ ಹತ್ತು ವಾಕ್ಯವನ್ನು ಎರಡು ಮಾಡಿ ದಾಟಿಸುವನು. ಎಷ್ಟೋ ಸಲ ಬಾಲವಿದ್ದರೆ ತಲೆಯಿರುತ್ತಿರಲಿಲ್ಲ. ಭಾವ ಆ ಬಾಲಕ್ಕೆ ಉತ್ತರ ಕೊಡುವರು. ಐ ಕುಡ್ ಹ್ಯಾವ್ ಸ್ಕ್ರೀಮ್ಡ್. ರಾತ್ರಿ ಸೊರಬಕ್ಕೆ ಫೋನ್ ಮಾಡಿ ನಮ್ಮವರಿಗೆ ಹೇಳಿದರೆ, "ಅಣ್ಣನ ಹತ್ರ ವಾದ ಯಾಕೆ ಮಾರಾಯ್ತಿ, ಬ್ರಹ್ಮಾಂಡ ಅದರ ಪಾಡಿಗೆ ಅದಿರುತ್ತೆ" ಎನ್ನುತ್ತಿದ್ದರು.

ಆದರೂ ಶನಿವಾರ ಬಂತೆಂದರೆ ಮನಸ್ಸು ಕಾಲೇಜಿನ ಹುಡುಗಿಯ ಹಾಗೆ ಕುಣಿಯುತ್ತಿತ್ತು. ಅದನ್ನೂ ಬರೆಯಲೇಬೇಕು.

ಅದೇ ಕಾಲಕ್ಕೆ ದೂರದ ಅಮೆರಿಕದ ಕಡಲಿನಲ್ಲಿ ಎಣ್ಣೆಬಾವಿಯೊಂದು ಒಡೆದು ವಾರಗಟ್ಟಲೆ ಕಡಲಿಗೆ ಎಣ್ಣೆ ಕಾರುತ್ತಿತ್ತು. ಟೀವಿಯಲ್ಲಿ ಸಮುದ್ರದ ತಳದ ಚಿತ್ರ ದಿನವೂ ಬರುತ್ತಿತ್ತು. ಕತ್ತಲ ನೀರು, ಒಂದು ಮುರಿದ ಕೊಳವೆ, ಅದರಿಂದ ಕಂದು ಹೊಗೆಯಂತೆ ಏಳುವ ಎಣ್ಣೆ. ಪೈಪು, ಪಂಪು, ಒತ್ತಡ: ಇದು ಭಾವನ ಸ್ವಂತ ಕ್ಷೇತ್ರ. ಬ್ರಹ್ಮಾಂಡವನ್ನು ಮೂಲೆಗಿಟ್ಟು ಮೂವರೂ ಎಣ್ಣೆಬಾವಿಗೆ ಬಿದ್ದರು. ಎಣ್ಣೆ ಕಂಪನಿಯವರು ಜನರಿಂದಲೂ ಸಲಹೆ ಕೇಳುತ್ತಿದ್ದಾರೆಂದು ಪೇಪರಿನಲ್ಲಿ ನಾಲ್ಕು ಸಾಲು ಬಂದ ಭಾನುವಾರ, ಭಾವ ಕುರ್ಚಿಯಲ್ಲಿ ಕೂರದೆ ನಿಂತೇ ಮಾತಾಡಿದರು.

"ಹನುಮಂತಪ್ಪ, ತೂಬಿನ ಗೇಟು ಸೋರಿದ್ರ ನೀ ಏನ್ ಮಾಡ್ತಿ?"

"ಬೂದಿ, ಭತ್ತದ ಹೊಟ್ಟು ಕಲಸಿ ನೀರಿಗೆ ಬಿಡ್ತೀನ್ರಿ. ಸೋರೋ ಸಂದಿಗೆ ನೀರ ಎಳ್ಕೊಂಡು ಹೋಗ್ತತಿ. ಸಂದಿ ತಾನ ಮುಚ್ಕೊಂತತಿ."

"ಮುಗೀತಲ್ಲ! ಬಿಲಿಯನ್ ಗಟ್ಟಲೆ ಡಾಲರ್ ಯಾಕ? ಎರಡು ಹಡಗು ಬೂದಿ, ಎರಡು ಹಡಗು ಹೊಟ್ಟು. ಆ ಪೈಪಿನ ಬಾಯಿಗೆ ಸುರೀರಿ. ಬರೀಬೇಕು ಅವರಿಗೆ."

"ನಮ್ಮ ಹೊಟ್ಟು ಅಮೆರಿಕಾಕ್ಕೆನ್ರಿ?" ಹನುಮಂತಪ್ಪನ ಮುಖ ದೀಪವಾಯಿತು. ಇಪ್ಪತ್ತೆಂಟು ವರ್ಷ ರಾತ್ರಿಹಗಲು ಕಾಲುವೆ ಕಾದವನ ವಿದ್ಯೆಯನ್ನು ಯಾರೂ ಹೀಗೆ ಎತ್ತಿ ಹಿಡಿದಿರಲಿಲ್ಲ.

ನಾನು ಮೊರ ಕೆಳಗಿಟ್ಟೆ. "ಹನುಮಂತಪ್ಪಾ, ಬೂದಿನ ಯಾವ ಕಡೆಯಿಂದ ಬಿಡ್ತೀಯ? ಕೆರೆ ಕಡೆಯಿಂದಲಾ, ಕಾಲುವೆ ಕಡೆಯಿಂದಲಾ?"

"ಕೆರಿ ಕಡಿಂದಾರೀ ಅಕ್ಕಾರ. ಕಾಲುವಿ ಕಡಿಂದ ಬಿಟ್ರ ನೀರು ಕಾರಿ ಬಿಸಾಕ್ತತಿ. ನಿಲ್ಲಂಗಿಲ್ಲ."

"ಹಾಗಾದ್ರೆ ಹೇಳು. ಆ ಎಣ್ಣೆಬಾವಿಗೆ ಕೆರೆ ಯಾವುದು? ಭೂಮಿ ಒಳಗಿರೋ ಎಣ್ಣೆ. ಕಾಲುವೆ ಯಾವುದು? ಕಡಲು. ಅವರು ನಿಂತಿರೋದು ಕಾಲುವೆ ಕಡೆ. ಮೇಲಿಂದ ಏನು ಸುರಿದ್ರೂ ಉಗುಳುತ್ತೆ. ಪಕ್ಕದಲ್ಲಿ ಇನ್ನೊಂದು ಬಾವಿ ಓರೆಯಾಗಿ ಕೊರೆದು, ತಳದಲ್ಲಿ ಸೇರಿಸಿ, ಅಲ್ಲಿಂದ ಭಾರವಾದ ಕೆಸರು ತುಂಬಬೇಕು. ಹೇಳು."

ಹನುಮಂತಪ್ಪನಿಗೆ ಅರ್ಥವಾಯಿತು. ಅವನ ಮುಖದಲ್ಲಿ ಅದು ಇಳಿದದ್ದನ್ನು ನಾನು ಕಂಡೆ. ನಮ್ಮ ನಾಲ್ವರಲ್ಲಿ ಅದನ್ನು ಅವನಷ್ಟು ಬೇಗ ಹಿಡಿಯುವವರು ಯಾರೂ ಇರಲಿಲ್ಲ, ಅವನ ಕೈಕಾಲಿಗೆ ಗೊತ್ತಿದ್ದ ವಿಷಯ ಅದು. ಭಾವ ಕಾದರು. "ಏನಂತಾಳ?"

ಹನುಮಂತಪ್ಪ ನನ್ನನ್ನು ನೋಡಿದ. ಭಾವನ ಮುಖ ನೋಡಿದ. "ಚಲೋ ಐತಿ ಅಂತಾರ್ರಿ ಸಾವ್ಕಾರ್ರ" ಎಂದ.

ಭಾವ ತಲೆಯಾಡಿಸಿದರು. ಅವರು ನನ್ನ ಮಾತು ಕೇಳಿರಲಿಲ್ಲವೇ? ಐದೇ ಅಡಿ! ಕೇಳಿಸಿಕೊಂಡೂ ಬೇಕಾದ ಉತ್ತರವನ್ನೇ ತೆಗೆದುಕೊಂಡರೋ, ಮೂವತ್ತಾರು ವರ್ಷದ ಅಭ್ಯಾಸದಿಂದ ನನ್ನ ದನಿ ಅವರ ಕಿವಿಗೆ ಬರೀ ಸದ್ದಾಗಿಬಿಟ್ಟಿತ್ತೋ, ಇವತ್ತಿಗೂ ನನಗೆ ತಿಳಿಯದು. ನಜೀರಣ್ಣ ಒಮ್ಮೆ ಕೆಮ್ಮಿದರು. ಅಷ್ಟೇ.

ಮಧ್ಯಾಹ್ನ ಗಿರಿಜಕ್ಕನ ಮೂಲಕ ಅಪ್ಪಣೆ ಬಂತು. ಪತ್ರವನ್ನು ನಾನು ಬರೆಯಬೇಕು. "ಕಾನ್ವೆಂಟ್ ಇಂಗ್ಲಿಷಿನಾಗ ಬರೀಬೇಕಂತ, ಎರಡು ಪುಟ. ಕೆಳಗ ಅವರ ಹೆಸರು, ಹನುಮಂತಪ್ಪನ ಹೆಸರು." ನಜೀರಣ್ಣ ಸೈಬರ್ ಸೆಂಟರಿನಿಂದ ವಿಳಾಸ ಬರೆಸಿಕೊಂಡು ಬಂದರು.

ಆವತ್ತು ಮಧ್ಯಾಹ್ನ ನಾನು ಮಾಡಿದ್ದನ್ನು ಸಮರ್ಥಿಸಲು ಹೋಗುವುದಿಲ್ಲ. ಕಾರ್ಬನ್ ಇಟ್ಟು ಬರೆಯಲು ಕುಳಿತೆ. "ಡಿಯರ್ ಸರ್ಸ್" ಎಂದು ಬರೆದೆ. ಮುಂದೆ ಬೂದಿಯ ಬಗ್ಗೆ ಬರೆಯಲು ಪೆನ್ನು ಹೋಗಲಿಲ್ಲ. ಮೊದಲು ಒಂದು ಡಯಾಗ್ರಾಮ್ ಬಿಡಿಸಿದೆ: ಕೆರೆ, ತೂಬು, ಕಾಲುವೆ. ಪಕ್ಕದಲ್ಲಿ ಇನ್ನೊಂದು: ಎಣ್ಣೆ, ಕೊಳವೆ, ಕಡಲು. ಬೂದಿ ಮೇಲಿನಿಂದ ಯಾಕೆ ನಿಲ್ಲದು, ಓರೆಬಾವಿ ಯಾಕೆ ಬೇಕು, ಕೆಸರಿನ ಸಾಂದ್ರತೆ ಎಷ್ಟಿರಬೇಕು ಎಂಬ ಲೆಕ್ಕ. ಮೂವತ್ತಾರು ವರ್ಷದ ಮೇಲೆ ಮಾಡಿದ ಲೆಕ್ಕ. ಕೈ ಒಮ್ಮೆಯೂ ತಡವರಿಸಲಿಲ್ಲ. ಅಷ್ಟು ಸುಖವನ್ನು ನಾನು ಎಷ್ಟು ವರ್ಷಗಳಿಂದ ಕಂಡಿರಲಿಲ್ಲವೋ! ಕೆಳಗೆ ಭಾವನ ಹೆಸರು, ಹನುಮಂತಪ್ಪನ ಹೆಸರು ಬರೆದೆ. ಇಬ್ಬರಿಗೂ ಇಂಗ್ಲಿಷ್ ಓದಲು ಬಾರದು. ಭಾವ ಕನ್ನಡದಲ್ಲಿ ಗುಂಡಗೆ ಸಹಿ ಹಾಕಿದರು. ಹನುಮಂತಪ್ಪ ಎರಡು ಸಲ ಕೈ ಒರೆಸಿಕೊಂಡು ಸಹಿ ಹಾಕಿದ. ಪತ್ರ ರಿಜಿಸ್ಟರ್ಡ್ ಆಗಿ ಹೋಯಿತು.

ಉತ್ತರ ಬರಲಿಲ್ಲ. ಬರಬೇಕಾಗಿಯೂ ಇರಲಿಲ್ಲ. ಅಲ್ಲಿನವರು ಓರೆಬಾವಿಯನ್ನು ಮೊದಲೇ ಕೊರೆಯತೊಡಗಿದ್ದರೆಂದು ಆಮೇಲೆ ತಿಳಿಯಿತು. ಅದನ್ನು ಓದಿ ನನಗೆ ಆದ ಸಂಕಟ ವಿಚಿತ್ರ. ನಾನು ಸರಿ ಇದ್ದೆ ಎಂಬ ಸಂತೋಷ ಅರ್ಧ, ಪ್ರಪಂಚಕ್ಕೆ ನನ್ನ ಅಗತ್ಯವೇ ಇರಲಿಲ್ಲ ಎಂಬ ಕಿರಿಕಿರಿ ಅರ್ಧ.

ಗಣಪತಿ ಹಬ್ಬ ಕಳೆದು ಒಂದು ವಾರಕ್ಕೆ ಸುದ್ದಿ ಬಂತು. ಬಾವಿ ಪೂರ್ತಿ ಮುಚ್ಚಿತು, ಕೆಸರು ಮತ್ತು ಸಿಮೆಂಟ್ ತುಂಬಿ. ಭಾವ ಪೇಪರನ್ನು ಕೈಯಲ್ಲೆತ್ತಿ ಬೀದಿಗೇ ಬಂದರಂತೆ. "ಕೆಸರು ಅಂದ್ರ ಏನು? ನಮ್ಮ ಬೂದಿ, ಹೊಟ್ಟು! ಹೆಸರು ಬ್ಯಾರೆ ಇಟ್ಕೊಂಡಾರ!" ಬೀದಿಯ ಗಣಪತಿಯನ್ನು ಇನ್ನೂ ಬಿಟ್ಟಿರಲಿಲ್ಲ. ಪೆಂಡಾಲಿನವರು ಬಂದು ಭಾನುವಾರ ಸಂಜೆ ಭಾವನಿಗೆ ಶಾಲು ಹೊದಿಸುವುದೆಂದು ನಿಶ್ಚಯಿಸಿದರು. ಪತ್ರದ ಕಾರ್ಬನ್ ಪ್ರತಿಯನ್ನು ಕಾಲೇಜಿನ ಇಂಗ್ಲಿಷ್ ಲೆಕ್ಚರರ್ ಮೈಕಿನಲ್ಲಿ ಓದಿ, ಸಾಲುಸಾಲಿಗೂ ಕನ್ನಡದಲ್ಲಿ ಹೇಳುವುದು.

ಶುಕ್ರವಾರ ಇದನ್ನು ಗಿರಿಜಕ್ಕ ಹೇಳಿದಾಗ ಕೈಯಲ್ಲಿದ್ದ ಗಂಜಿ ಬಟ್ಟಲನ್ನು ಕೆಳಗಿಟ್ಟೆ. ಮೈಕಿನಲ್ಲಿ ಮೊದಲ ಪ್ಯಾರಾದಲ್ಲೇ ಬರುವುದು: ಬೂದಿ, ಹೊಟ್ಟು ಕೆಲಸ ಮಾಡುವುದಿಲ್ಲ. ಶಾಲು ಹೊದ್ದು ಕುಳಿತ ಮನುಷ್ಯನ ಎದುರು, ಇಡೀ ಬೀದಿಯ ಎದುರು. ಗಿರಿಜಕ್ಕನಿಗೆ ಎಲ್ಲವನ್ನೂ ಹೇಳಿದೆ. ಅವರು, "ನಾ ಹೇಳಂಗಿಲ್ಲ ವಿಮಲಾ. ನೀ ಬರೆದದ್ದು, ನೀನ ಹೇಳು" ಎಂದರು.

ಭಾನುವಾರ ಬೆಳಿಗ್ಗೆ ಮೂವರೂ ಕುಳಿತಿದ್ದರು. ಮಂಡಕ್ಕಿಯ ಜೊತೆ ಆವತ್ತು ಜಿಲೇಬಿ. ನಾನು ಕಾರ್ಬನ್ ಪ್ರತಿ ಹಿಡಿದು ಹೊಸ್ತಿಲ ಮೇಲೆ ನಿಂತೆ. ಬಾಗಿಲ ಪಟ್ಟಿಯ ಹಿಂದಲ್ಲ, ನಡುವೆ.

"ಭಾವಾ, ನೀವು ಹೇಳಿದ್ದನ್ನ ನಾನು ಬರೆದಿಲ್ಲ. ಬೂದಿ ನಿಲ್ಲೋದಿಲ್ಲ ಅಂತ ಬರೆದಿದ್ದೀನಿ. ಪಕ್ಕದ ಬಾವಿ ಕೊರೀಬೇಕು ಅಂತ ನನ್ನ ಲೆಕ್ಕ ಬರೆದಿದ್ದೀನಿ. ಇವತ್ತು ಇದನ್ನ ಓದಿಸ್ಬೇಡಿ."

ಭಾವ ನನ್ನ ಕಡೆ ತಿರುಗಲಿಲ್ಲ. ನಿಧಾನವಾಗಿ ಹನುಮಂತಪ್ಪನ ಕಡೆ ತಿರುಗಿ, "ಏನಂತಾಳ?" ಎಂದರು.

ಹನುಮಂತಪ್ಪ ಕೈಯಲ್ಲಿದ್ದ ಜಿಲೇಬಿಯನ್ನು ಪೇಪರಿನ ಮೇಲಿಟ್ಟ. "ನೀವ ಕೇಳಿದ್ರಲ್ರಿ ಸಾವ್ಕಾರ್ರ" ಎಂದ. "ಅವತ್ತೂ ಕೇಳಿದ್ರಿ. ನಾನು ಸುಳ್ಳು ಹೇಳಿದೆ. ಅಕ್ಕಾರು ಚಲೋ ಐತಿ ಅಂದಿರ್ಲಿಲ್ಲ."

ಆಗ ಭಾವ ನನ್ನ ಕಡೆ ನೋಡಿದರು. ನನ್ನ ಮುಖವನ್ನು ಮೊದಲ ಸಲ ಕಂಡವರ ಹಾಗೆ. "ಓದು" ಎಂದರು. "ಕನ್ನಡದಾಗ."

ಓದಿದೆ. ನಿಂತೇ, ಎರಡು ಪುಟ. ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ನಾನು ಸಿಸ್ಟರ್ ಎದುರು ವೈವಾ ಕೊಡುತ್ತಿದ್ದೆ. ಭಾವ ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ ಕೇಳಿದರು: "ಪಕ್ಕದ ಬಾವಿಂದ ತಳಕ್ಕ ಹೋದ್ರೂ ಅಲ್ಲಿ ಎಣ್ಣಿ ಒತ್ತಡ ಇರ್ತತಲ್ಲ. ಆ ಕೆಸರನ್ನ ಯಾಕ ಉಗುಳಂಗಿಲ್ಲ?"

ಎಂಥ ಪ್ರಶ್ನೆ! ಏಳನೆಯ ಕ್ಲಾಸಿನ ಮನುಷ್ಯ. "ಮೈಲಿಗಟ್ಟಲೆ ಉದ್ದದ ಕೆಸರಿನ ಕಂಬ ಭಾವ, ಅದರ ತೂಕವೇ ಮೇಲಿಂದ ಅದುಮುತ್ತೆ. ಮೇಲಿನ ಬಾಯಲ್ಲಿ ಸುರಿದ್ರೆ ಕಂಬ ನಿಲ್ಲೋಕೆ ಮುಂಚೆಯೇ ಹಾರಿಹೋಗುತ್ತೆ. ತಳದಿಂದ ತುಂಬ್ತಾ ಬಂದ್ರೆ ನಿಲ್ಲುತ್ತೆ" ಎಂದೆ. ಅವರು ಪಕ್ಕದಲ್ಲಿದ್ದ ಪೈಪಿನ ತುಂಡನ್ನು ಎತ್ತಿ ನೆಟ್ಟಗೆ ಹಿಡಿದು, ಅದರ ಬಾಯನ್ನು ಅಂಗೈಯಿಂದ ಮುಚ್ಚಿ, ತೆಗೆದು, ಮತ್ತೆ ಮುಚ್ಚಿದರು. "ಹೌದು" ಎಂದರು. ನಾನು ಆ ಮನೆಗೆ ಬಂದ ಮೂವತ್ತಾರು ವರ್ಷಗಳಲ್ಲಿ ನಿಜವಾಗಿ ಇದ್ದದ್ದು ಆ ಐದು ನಿಮಿಷ ಮಾತ್ರ.

ಆಮೇಲೆ ಪೈಪನ್ನು ಕೆಳಗಿಟ್ಟು ಭಾವ ಹೇಳಿದರು: "ಸರಿ ಐತಿ ನಿನ್ನ ಲೆಕ್ಕ. ಆದ್ರ ನನ್ನ ಹೆಸರಿನ ಕೆಳಗ ಯಾಕ ಅಡಗಿದಿ? ನಿನ್ನ ಹೆಸರಿನಾಗ ಬರೆದು ಕಳಿಸಬೇಕಾಗಿತ್ತು. ನಿನ್ನ ಯಾರು ತಡದಿದ್ರು?"

ಯಾರು ತಡೆದಿದ್ದರು! ವ್ಯಂಗ್ಯವಲ್ಲ, ನಿಜವಾಗಿಯೂ ಕೇಳಿದ್ದು. ಕಾರ್ಬನ್ ಪ್ರತಿಯನ್ನು ನಾಲ್ಕಾಗಿ ಮಡಿಚಿಕೊಂಡು ಒಳಗೆ ಹೋದೆ. ಇವತ್ತಿಗೂ ಪಾತ್ರೆ ತೊಳೆಯುವಾಗ, ಬಸ್ಸಿನ ಕಿಟಕಿಗೆ ತಲೆ ಆನಿಸಿದಾಗ ಆ ಪ್ರಶ್ನೆಗೆ ಕೊಡಬೇಕಿದ್ದ ಉತ್ತರಗಳನ್ನು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ತಿದ್ದುತ್ತೇನೆ. ಭಾವ ತೀರಿಕೊಂಡು ಆರು ವರ್ಷವಾಯಿತು.

ಶಾಲು ಸಮಾರಂಭ ನಡೆಯಲಿಲ್ಲ. ಮೈಗೆ ಹುಷಾರಿಲ್ಲವೆಂದು ಭಾವ ಹೇಳಿ ಕಳಿಸಿದರು, ಇಡೀ ಸಂಜೆ ಅಂಗಡಿಯಲ್ಲಿ ಕತ್ತಲಲ್ಲೇ ಕುಳಿತಿದ್ದರು.

ಮುಂದಿನ ಭಾನುವಾರ ಗಿರಿಜಕ್ಕ ಕೋಲು ಹಿಡಿದು ಹೊಸ್ತಿಲ ತನಕ ನಡೆದು ಹೋಗಿ ಬಗ್ಗಿ ನೋಡಿ ಬಂದರು. ಕಣ್ಣರಳಿಸಿ, "ವಿಮಲಾ, ನಾಕು ಕುರ್ಚಿ ಹಾಕ್ಯಾರ. ಸೋಮವಾರ ನೀ ಸೊರಬಕ್ಕ ಹೊಂಟಿ ಅಂತ ಗೊತ್ತೈತಿ ಅವರಿಗೆ. ಹೋಗು, ನಿನಗಾ ಅದು" ಎಂದರು. ನಾನು ಎದ್ದೆ. ಸೀರೆ ಸರಿಮಾಡಿಕೊಂಡೆ. ಹೊಸ್ತಿಲಿಗೆ ಬಂದೆ. ಭಾವ ಸೂರು ನೋಡುತ್ತಿದ್ದರು, ಕಾಯುತ್ತಿದ್ದರು. ಅವರ ಪಕ್ಕದಲ್ಲೇ ಆ ಕುರ್ಚಿ, ಧೂಳು ಒರೆಸಿಟ್ಟದ್ದು. ಅದರಲ್ಲಿ ಭಾವನ ಸಮಕ್ಕೆ ಕಾಲು ಚಾಚಿ ಕೂರುವ ನನ್ನನ್ನು ಊಹಿಸಿಕೊಂಡೆ, ಬಾಗಿಲ ಪಟ್ಟಿಯ ಹಿಂದಕ್ಕೆ ಸರಿದೆ. ಅವರು ಕೇಳಿದ್ದರಲ್ಲ ಯಾರು ತಡೆದಿದ್ದರೆಂದು. ಆ ಗಳಿಗೆಯಲ್ಲಂತೂ ಯಾರೂ ತಡೆಯುತ್ತಿರಲಿಲ್ಲ.

"ಹನುಮಂತಪ್ಪಾ" ಎಂದೆ, "ಒಳಗೆ ಕೆಲಸ ಇದೆ ಅಂತ ಹೇಳು."

ಅವನು ಹೇಳಿದ. ಭಾವ ಹೂಂ ಎಂದರು. ಅವತ್ತು ಚಂದ್ರ ಭೂಮಿಯಿಂದ ದೂರ ಸರಿಯುತ್ತಿದ್ದಾನೆಯೇ ಎಂಬ ಚರ್ಚೆ. ಮೂವರೂ ತಪ್ಪಾಗಿಯೇ ತಿಳಿದಿದ್ದರು. ನಾನು ಅಡಿಗೆಮನೆಯಲ್ಲಿ ನಿಂತು ಕೇಳಿದೆ. ಸ್ವಲ್ಪ ಹೊತ್ತಾದ ಮೇಲೆ ನಜೀರಣ್ಣ ತಮ್ಮ ತಂತಿಯ ಚೀಲವನ್ನು ಎತ್ತಿ ಆ ಕುರ್ಚಿಯ ಮೇಲಿಟ್ಟರು.